ನಲ್ವತ್ತು ಕಳೆದ ಮೇಲೆ ಮಗುವಿನ ಲಸಿಕೆ ಎಲ್ಲಿ? ಗಡಿಯ ಎರಡೂ ಕಡೆಯ ಉಮ್ಮ-ಉಪ್ಪಂದಿರು ತಿಳಿದಿರಬೇಕಾದದ್ದು

ನಮ್ಮ ಕಡೆ ಇದು ಮಾಮೂಲಿ ಸಂಗತಿ. ಹುಡುಗಿಯ ಮನೆ ಉಪ್ಪಳದಲ್ಲೋ ಕುಂಬಳೆಯಲ್ಲೋ. ಮದುವೆಯಾಗಿ ಹೋದದ್ದು ಉಳ್ಳಾಲಕ್ಕೋ ದೇರಳಕಟ್ಟೆಗೋ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ, ಬಾಣಂತನ ತಾಯಿ ಮನೆಯಲ್ಲಿ. ನಲ್ವತ್ತು ದಿನ ಕಳೆದು ಸ್ನಾನ, ಊಟ, ನೆಂಟರಿಷ್ಟರ ಗದ್ದಲ ಎಲ್ಲಾ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಡುವ ತಯಾರಿ.

ಈಗ ಲೆಕ್ಕ ಹಾಕಿ. ಹುಟ್ಟಿದ ದಿನ ಕೊಟ್ಟ ಲಸಿಕೆಯ ನಂತರ ಮಗುವಿಗೆ ಮುಂದಿನ ಲಸಿಕೆ ಕೊಡಬೇಕಾದದ್ದು ಆರು ವಾರಕ್ಕೆ. ಅಂದರೆ 42ನೇ ದಿನಕ್ಕೆ. ನಲ್ವತ್ತು ಮುಗಿದು ಎರಡೇ ದಿನ. ಸರಿಯಾಗಿ ಆ ಹೊತ್ತಿಗೆ ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ, ಕೇರಳದಿಂದ ಕರ್ನಾಟಕಕ್ಕೆ ಅಥವಾ ಕರ್ನಾಟಕದಿಂದ ಕೇರಳಕ್ಕೆ ದಾಟುತ್ತಿರುತ್ತದೆ. ತಾಯಿ ಮನೆಯವರು "ಅಲ್ಲಿ ಹೋಗಿ ಕೊಡಿಸ್ತಾರೆ" ಅಂದುಕೊಳ್ಳುತ್ತಾರೆ. ಗಂಡನ ಮನೆಯವರು "ಅಲ್ಲೇ ಕೊಡಿಸಿಯೇ ಕಳಿಸಿರ್ತಾರೆ" ಅಂದುಕೊಳ್ಳುತ್ತಾರೆ. ಈ ಕಡೆಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಮಗು ಊರು ಬಿಟ್ಟಿದೆ, ಆ ಕಡೆಯ ಪಟ್ಟಿಗೆ ಇನ್ನೂ ಸೇರಿಲ್ಲ. ಯಾರೂ ಬೇಡ ಅಂದಿಲ್ಲ, ಯಾರೂ ವಿರೋಧ ಮಾಡಿಲ್ಲ. ಆದರೂ ಲಸಿಕೆ ತಪ್ಪಿಹೋಯಿತು.

ಲಸಿಕೆ ಅಂದಕೂಡಲೇ ವಾಟ್ಸಪ್‌ನಲ್ಲಿ ಬರುವ ಗಾಳಿಸುದ್ದಿಯ ಬಗ್ಗೆಯೇ ನಾವು ಮಾತಾಡುತ್ತೇವೆ. ಅದೂ ಇದೆ, ಅದಕ್ಕೆ ಆಮೇಲೆ ಬರೋಣ. ಆದರೆ ಗಡಿಯಲ್ಲಿರುವ ನಮ್ಮಂಥವರಿಗೆ ಈ ಮನೆ ಬದಲಾವಣೆಯ ಮರೆವು ಕೂಡ ಅಷ್ಟೇ ಅಪಾಯಕಾರಿ.

ಯಾವ ವಯಸ್ಸಿಗೆ ಯಾವ ಲಸಿಕೆ?

ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಿಂದ ನಡೆಯುತ್ತಿದೆ. ಸರಕಾರಿ ಕೇಂದ್ರಗಳಲ್ಲಿ ಈ ಕೆಳಗಿನವೆಲ್ಲ ಉಚಿತ. ಕೇರಳವಾದರೂ ಕರ್ನಾಟಕವಾದರೂ ಪಟ್ಟಿ ಬಹುಮಟ್ಟಿಗೆ ಒಂದೇ.

ಹುಟ್ಟಿದ ಕೂಡಲೇ: ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಹೆಪಟೈಟಿಸ್ ಬಿ ಚುಚ್ಚುಮದ್ದು 24 ಗಂಟೆಯೊಳಗೆ ಬೀಳಬೇಕು.

6 ವಾರ: ಪೆಂಟಾವೇಲೆಂಟ್, ಪೋಲಿಯೋ ಹನಿ, ಪೋಲಿಯೋ ಚುಚ್ಚುಮದ್ದು, ರೋಟಾವೈರಸ್ ಹನಿ, ನ್ಯುಮೋಕಾಕಲ್ ಲಸಿಕೆ (ಪಿಸಿವಿ).

10 ವಾರ: ಪೆಂಟಾವೇಲೆಂಟ್, ಪೋಲಿಯೋ ಹನಿ, ರೋಟಾವೈರಸ್ ಹನಿ.

14 ವಾರ: ಆರು ವಾರಕ್ಕೆ ಕೊಟ್ಟ ಐದೂ ಮತ್ತೊಮ್ಮೆ.

9 ತಿಂಗಳು ತುಂಬಿದ ಮೇಲೆ: ದಡಾರ-ರುಬೆಲ್ಲಾ (ಎಂಆರ್) ಮೊದಲ ಡೋಸ್, ಪಿಸಿವಿ ಬೂಸ್ಟರ್, ಪೋಲಿಯೋ ಚುಚ್ಚುಮದ್ದಿನ ಮೂರನೇ ಡೋಸ್, ವಿಟಮಿನ್ ಎ.

16ರಿಂದ 24 ತಿಂಗಳು: ಎಂಆರ್ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಹನಿಯ ಬೂಸ್ಟರ್.

5ರಿಂದ 6 ವರ್ಷ: ಡಿಪಿಟಿ ಎರಡನೇ ಬೂಸ್ಟರ್.

10 ವರ್ಷ ಮತ್ತು 16 ವರ್ಷ: ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ.

ವಿಟಮಿನ್ ಎ ದ್ರಾವಣ 9 ತಿಂಗಳಿಗೆ ಶುರುವಾಗಿ ಐದು ವರ್ಷ ತುಂಬುವವರೆಗೆ ಒಟ್ಟು ಒಂಬತ್ತು ಸಲ ಕೊಡುತ್ತಾರೆ.

ಇದರ ಮೇಲೆ ಮೆದುಳು ಜ್ವರದ (ಜೆಇ) ಲಸಿಕೆ ಒಂದಿದೆ. ಅದು ದೇಶದ ಎಲ್ಲಾ ಜಿಲ್ಲೆಯಲ್ಲೂ ಇಲ್ಲ, ಆ ರೋಗದ ಭಯವಿರುವ ಜಿಲ್ಲೆಗಳಲ್ಲಿ ಮಾತ್ರ. 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ ಸೇರಿದಂತೆ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಅಭಿಯಾನ ನಡೆಯಿತು. ಹಾಗಾಗಿ ಕಾಸರಗೋಡು ಕಡೆಯಿಂದ ದಕ್ಷಿಣ ಕನ್ನಡಕ್ಕೆ ಬಂದು ನೆಲೆಸಿದ ಮಗುವಿದ್ದರೆ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ "ಜೆಇ ಆಗಿದೆಯಾ, ಆಗಬೇಕಾ?" ಅಂತ ಕೇಳಿಕೊಳ್ಳಿ. ಎರಡು ರಾಜ್ಯದ ಪಟ್ಟಿಯಲ್ಲಿ ಸಣ್ಣ ವ್ಯತ್ಯಾಸ ಇರುವುದು ಇಂಥ ಕಡೆಯಲ್ಲೇ.

ಇದೆಲ್ಲಾ ಯಾವ ರೋಗಕ್ಕೆ?

ಹೆಸರು ಕೇಳಿದರೆ ತಲೆ ತಿರುಗುತ್ತದೆ, ನಿಜ. ಆದರೆ ಒಂದೊಂದರ ಹಿಂದೆಯೂ ನಮ್ಮ ಅಜ್ಜಿಯಂದಿರು ಕಣ್ಣಾರೆ ಕಂಡ ರೋಗವಿದೆ.

ಬಿಸಿಜಿ ಕ್ಷಯಕ್ಕೆ. ಮುಖ್ಯವಾಗಿ ಸಣ್ಣ ಮಕ್ಕಳ ಮೆದುಳಿಗೆ ಹತ್ತುವ ಕ್ಷಯದಿಂದ ಇದು ಕಾಪಾಡುತ್ತದೆ. ಎಡ ತೋಳಿನ ಮೇಲೆ ಕೊಟ್ಟ ಕೆಲವು ವಾರಕ್ಕೆ ಅಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಕಲೆ ಉಳಿಯುತ್ತದೆ. ಅದು ಗಾಯವಲ್ಲ. ಅದಕ್ಕೆ ಎಣ್ಣೆ, ಅರಿಶಿನ, ಮುಲಾಮು ಯಾವುದೂ ಹಚ್ಚಬಾರದು.

ಹೆಪಟೈಟಿಸ್ ಬಿ ಪಿತ್ತಕೋಶವನ್ನಲ್ಲ, ಲಿವರನ್ನು ಹಾಳು ಮಾಡುವ ವೈರಸ್. ತಾಯಿಯಲ್ಲಿದ್ದರೆ ಹೆರಿಗೆಯ ವೇಳೆ ಮಗುವಿಗೆ ದಾಟುತ್ತದೆ. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ನವಜಾತ ಶಿಶುವಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವನಪರ್ಯಂತ ಉಳಿದು, ಮುಂದೆ ಲಿವರ್ ಕ್ಯಾನ್ಸರ್‌ವರೆಗೂ ಹೋಗಬಹುದು. ಅದಕ್ಕೇ 24 ಗಂಟೆಯ ಆ ಅವಸರ.

ಪೆಂಟಾವೇಲೆಂಟ್ ಅಂದರೆ ಐದು ರೋಗಕ್ಕೆ ಒಂದೇ ಸೂಜಿ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ, ಮೆದುಳು ಪೊರೆಯ ಉರಿಯೂತ. ದೇಶದಲ್ಲಿ ಇದನ್ನು ಮೊದಲು ಶುರು ಮಾಡಿದ್ದು 2011ರ ಡಿಸೆಂಬರ್‌ನಲ್ಲಿ, ಕೇರಳ ಮತ್ತು ತಮಿಳುನಾಡಿನಲ್ಲಿ.

ರೋಟಾವೈರಸ್ ಹನಿ ಮಕ್ಕಳ ವಿಪರೀತ ವಾಂತಿ-ಭೇದಿಗೆ. ಪಿಸಿವಿ ನ್ಯುಮೋನಿಯಾಕ್ಕೆ. ಎಂಆರ್ ದಡಾರ ಮತ್ತು ರುಬೆಲ್ಲಾಕ್ಕೆ. ರುಬೆಲ್ಲಾ ಮಗುವಿಗೆ ಬಂದರೆ ಸಣ್ಣ ಜ್ವರದ ಹಾಗೆ ಬಂದು ಹೋಗುತ್ತದೆ. ಆದರೆ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ ಬರಬಹುದು. ಅಂದರೆ ಇವತ್ತು ನಿಮ್ಮ ಮಗಳಿಗೆ ಕೊಡಿಸುವ ಲಸಿಕೆ ನಾಳೆ ನಿಮ್ಮ ಮೊಮ್ಮಗುವಿಗೂ ರಕ್ಷಣೆ.

ಒಂದೇ ಸಲ ಕೊಟ್ಟರೆ ಸಾಲದಾ?

ಹಲವು ಮನೆಗಳಲ್ಲಿ ಈ ಪ್ರಶ್ನೆ ಬರುತ್ತದೆ. "ಎಷ್ಟು ಸಲ ಚುಚ್ಚಿಸೋದು ಪಾಪದ ಮಗುವಿಗೆ?"

ಲಸಿಕೆ ಮಾಡುವ ಕೆಲಸ ಇಷ್ಟೇ. ರೋಗಾಣುವಿನ ಸತ್ತ, ದುರ್ಬಲಗೊಳಿಸಿದ ಅಥವಾ ಒಂದು ತುಣುಕು ಮಾತ್ರ ಇರುವ ರೂಪವನ್ನು ದೇಹಕ್ಕೆ ತೋರಿಸುವುದು. ದೇಹ ಅದನ್ನು ಗುರುತಿಟ್ಟುಕೊಂಡು ಎದುರಿಸುವ ಶಕ್ತಿ ಬೆಳೆಸಿಕೊಳ್ಳುತ್ತದೆ. ಕೆಲವು ಲಸಿಕೆಗಳಲ್ಲಿ ಒಂದು ಸಲ ತೋರಿಸಿದರೆ ನೆನಪು ಗಟ್ಟಿಯಾಗುವುದಿಲ್ಲ. ಮದ್ರಸದಲ್ಲಿ ಪಾಠ ಒಪ್ಪಿಸುವ ಹಾಗೆ, ಮತ್ತೆ ಮತ್ತೆ ಹೇಳಿದಾಗಲೇ ಬಾಯಿಪಾಠ. ಅದಕ್ಕೇ 6, 10, 14 ವಾರ.

ಗಂಟಲುಮಾರಿ, ನಾಯಿಕೆಮ್ಮಿನ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಹಾಗಾಗಿ ಒಂದೂವರೆ ವರ್ಷಕ್ಕೆ, ಐದು ವರ್ಷಕ್ಕೆ ಬೂಸ್ಟರ್.

ದಡಾರದ ಕಥೆ ಬೇರೆ. ಹುಟ್ಟುವಾಗ ಉಮ್ಮನಿಂದ ಬಂದ ಪ್ರತಿಕಾಯ ಮಗುವಿನ ರಕ್ತದಲ್ಲಿ ಕೆಲವು ತಿಂಗಳು ಇರುತ್ತದೆ. ಅದು ಇರುವಾಗ ಲಸಿಕೆ ಕೊಟ್ಟರೆ ಲಸಿಕೆಯನ್ನೇ ಅದು ಹೊಡೆದುಹಾಕುತ್ತದೆ. ಆದ್ದರಿಂದ 9 ತಿಂಗಳವರೆಗೆ ಕಾಯುವುದು. ಆಗ ಕೊಟ್ಟರೂ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಸಿಗುತ್ತದೆ. ಉಳಿದವರನ್ನು ಹಿಡಿಯಲಿಕ್ಕೆ ಎರಡನೇ ಡೋಸ್.

ಹೆಚ್ಚು ತಪ್ಪುವುದೂ ಇಲ್ಲಿಯೇ. 14 ವಾರ ಆದ ಮೇಲೆ 9 ತಿಂಗಳವರೆಗೆ ದೊಡ್ಡ ಬಿಡುವು. 9 ತಿಂಗಳಾದ ಮೇಲೆ ಮತ್ತೆ ಒಂದೂವರೆ ವರ್ಷದವರೆಗೆ ಬಿಡುವು. ಅಷ್ಟರಲ್ಲಿ ಮಗು ಓಡಾಡುತ್ತಿರುತ್ತದೆ, ಆರೋಗ್ಯವಾಗಿದೆ, ಕಾರ್ಡ್ ಕಪಾಟಿನಲ್ಲಿ ಎಲ್ಲೋ ಇದೆ. "ಲಸಿಕೆ ಎಲ್ಲಾ ಆಗಿದೆ" ಅಂತ ನಾವು ಅಂದುಕೊಳ್ಳುತ್ತೇವೆ.

ಮಲಪ್ಪುರಂ ನಮಗೆ ಹೇಳಿಕೊಟ್ಟ ಪಾಠ

ಇದು ದೂರದ ಊರಿನ ಕಥೆಯಲ್ಲ. ನಮ್ಮದೇ ರಾಜ್ಯದ, ನಮ್ಮ ಮಕ್ಕಳು ಓದಲಿಕ್ಕೆ ಹೋಗುವ ಮಲಪ್ಪುರಂ ಜಿಲ್ಲೆಯಲ್ಲಿ 2015-16ರಲ್ಲಿ ಗಂಟಲುಮಾರಿ ಮರಳಿ ಬಂತು. ಮರೆತೇಹೋಗಿದ್ದ ರೋಗ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಕಟ್ಟಿಸುತ್ತದೆ, ಅದರ ವಿಷ ಹೃದಯಕ್ಕೂ ಏರುತ್ತದೆ. ಮಕ್ಕಳು ತೀರಿಕೊಂಡರು. ರೋಗ ತಗುಲಿದವರಲ್ಲಿ ಲಸಿಕೆ ಹಾಕಿಸದವರು, ಅರ್ಧಕ್ಕೆ ಬಿಟ್ಟವರು ಬಹಳ ಮಂದಿ. ಆಮೇಲೆ ಅಲ್ಲಿನ ಮುಸ್ಲಿಂ ಸಂಘಟನೆಗಳ ನಾಯಕರು, ಉಲಮಾಗಳು ಮುಂದೆ ಬಂದು ಲಸಿಕೆಯ ಪರವಾಗಿ ಮಾತಾಡಿದರು. ಆರೋಗ್ಯ ಇಲಾಖೆಯವರು ಮನೆಮನೆಗೆ ಹೋದರು.

ಮತ್ತೆ 2022ರ ಕೊನೆಯಲ್ಲಿ ಅದೇ ಜಿಲ್ಲೆಯಲ್ಲಿ ದಡಾರ ಹರಡಿತು. ಆ ನವೆಂಬರ್‌ನಲ್ಲಿ ಕೇಂದ್ರ ಸರಕಾರ ರಾಂಚಿ, ಅಹ್ಮದಾಬಾದ್ ಮತ್ತು ಮಲಪ್ಪುರಂಗೆ ತಜ್ಞರ ತಂಡ ಕಳಿಸಬೇಕಾಯಿತು.

ದಡಾರ ಹರಡುವಷ್ಟು ವೇಗವಾಗಿ ಹರಡುವ ರೋಗ ಬಹಳ ಕಮ್ಮಿ. ಲಸಿಕೆ ಇಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ತಗುಲಬಹುದು. ರೋಗಿ ಕೋಣೆ ಬಿಟ್ಟು ಹೋದ ಮೇಲೂ ಎರಡು ಗಂಟೆವರೆಗೆ ವೈರಸ್ ಅಲ್ಲಿನ ಗಾಳಿಯಲ್ಲಿರುತ್ತದೆ. ಮದುವೆ ಹಾಲ್, ಮದ್ರಸ, ತುಂಬಿದ ಬಸ್ಸು, ಇಷ್ಟು ಸಾಕು. ಅದನ್ನು ತಡೆಯಬೇಕಾದರೆ ಒಂದು ಊರಿನ ನೂರು ಮಕ್ಕಳಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಇನ್ನೂ 9 ತಿಂಗಳಾಗದ ಹಸುಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಇವರಿಗೆಲ್ಲ ಸುತ್ತಲಿನ ಮಕ್ಕಳ ಲಸಿಕೆಯೇ ರಕ್ಷಣೆ. ತಲಪಾಡಿಯ ಗೇಟಿನಲ್ಲಿ ದಡಾರವನ್ನು ತಡೆಯಲಿಕ್ಕೆ ಆಗುವುದಿಲ್ಲ.

ಕೇಳಿಬರುವ ಅನುಮಾನಗಳು

"ಪೋಲಿಯೋ ಹನಿ ಹಾಕಿದರೆ ಮುಂದೆ ಮಕ್ಕಳಾಗುವುದಿಲ್ಲ."

ಪಲ್ಸ್ ಪೋಲಿಯೋ ದೇಶದಲ್ಲಿ ಶುರುವಾದದ್ದು 1995ರಲ್ಲಿ. ಆಗ ಹನಿ ಹಾಕಿಸಿಕೊಂಡ ಮಕ್ಕಳೇ ಇವತ್ತಿನ ಉಮ್ಮ, ಉಪ್ಪಂದಿರು. ನಿಮ್ಮ ಮಡಿಲಲ್ಲಿರುವ ಮಗುವೇ ಇದಕ್ಕೆ ಉತ್ತರ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತ ಎಂದು ಘೋಷಿಸಿತು. ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಅದು ಇನ್ನೂ ಹೋಗಿಲ್ಲ. ಆ ದೇಶದವರೂ ನಮ್ಮವರೂ ಗಲ್ಫ್‌ನಲ್ಲಿ ಒಂದೇ ರೂಮಿನಲ್ಲಿ ಇರುವವರು. ಹಾಗಾಗಿ ಹನಿ ನಿಲ್ಲಿಸುವ ಹಾಗಿಲ್ಲ.

"ಎಂಆರ್‌ನಿಂದ ಆಟಿಸಂ ಬರುತ್ತದೆ."

ಈ ಸುದ್ದಿಯ ಮೂಲ 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಅದರಲ್ಲಿದ್ದದ್ದು ಬರೇ 12 ಮಕ್ಕಳು. ತನಿಖೆ ನಡೆದು 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ನಂತರ ಲಕ್ಷಾಂತರ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳಲ್ಲಿ ಅಂಥ ಸಂಬಂಧವೇ ಕಂಡಿಲ್ಲ.

"ಲಸಿಕೆಯಲ್ಲಿ ಹರಾಂ ಇದೆಯಂತೆ."

ಈ ಪ್ರಶ್ನೆ ಕೇಳುವವರನ್ನು ನಗೆಯಾಡಬಾರದು, ಕೇಳುವುದು ತಪ್ಪಲ್ಲ. ಕೆಲವು ಲಸಿಕೆಗಳು ಕೆಡದಂತೆ ಇಡಲಿಕ್ಕೆ ಜೆಲಾಟಿನ್ ಬಳಸುವುದುಂಟು. ಇದರ ಬಗ್ಗೆ 1995ರಲ್ಲಿ ಕುವೈತ್‌ನಲ್ಲಿ ಇಸ್ಲಾಮಿಕ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಮಾವೇಶದಲ್ಲಿ ಉಲಮಾಗಳು, ವೈದ್ಯರು ಸೇರಿ ಚರ್ಚಿಸಿದ್ದಾರೆ. ಒಂದು ವಸ್ತು ಸಂಪೂರ್ಣವಾಗಿ ಬೇರೆಯೇ ವಸ್ತುವಾಗಿ ಬದಲಾದರೆ (ಇಸ್ತಿಹಾಲ) ಅದರ ವಿಧಿಯೂ ಬದಲಾಗುತ್ತದೆ ಎಂದು ಅವರು ಅಭಿಪ್ರಾಯಪಟ್ಟರು. ಅನುಮಾನ ಉಳಿದರೆ ನೀವು ನಂಬುವ ಉಸ್ತಾದರಲ್ಲಿ ನೇರವಾಗಿ ಕೇಳಿ. ಫಾರ್ವರ್ಡ್ ಮೆಸೇಜನ್ನು ಕೇಳಬೇಡಿ. ಇನ್ನೊಂದು ವಿಷಯ ನೆನಪಿರಲಿ. ಹಜ್‌ಗೆ ಹೊರಟವರು ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಳ್ಳಲೇಬೇಕು ಎಂದು ಸೌದಿ ಸರಕಾರವೇ ಕಡ್ಡಾಯ ಮಾಡಿದೆ. ನಮ್ಮ ಹಜ್ ಕ್ಯಾಂಪ್‌ಗಳಲ್ಲಿ ಹಿರಿಯರೆಲ್ಲ ಪೋಲಿಯೋ ಹನಿಯನ್ನೂ ಹಾಕಿಸಿಕೊಂಡೇ ಹೋಗುತ್ತಾರೆ.

ಲಸಿಕೆ ಅನ್ನುವುದು ಯಾರೋ ಹೊರಗಿನವರು ನಮ್ಮ ಮೇಲೆ ಹೇರಿದ್ದು ಅನ್ನುವ ಯುವಕರಿಗೆ ಒಂದು ಮಾತು. ಸಿಡುಬು ಮತ್ತು ದಡಾರ ಎರಡೂ ಬೇರೆ ಬೇರೆ ರೋಗ ಎಂದು ವಿವರವಾಗಿ ಗ್ರಂಥ ಬರೆದವರು ಸಾವಿರ ವರ್ಷಕ್ಕೂ ಹಿಂದಿನ ಹಕೀಮ್ ಅಲ್-ರಾಝಿ. ಸಿಡುಬಿನ ಕೀವನ್ನು ಸ್ವಲ್ಪವೇ ಚುಚ್ಚಿ ರೋಗ ತಡೆಯುವ ಪದ್ಧತಿ ಉಸ್ಮಾನಿಯಾ ತುರ್ಕಿಯಲ್ಲಿತ್ತು. ಅದನ್ನು 1717ರಲ್ಲಿ ಕಂಡು ಇಂಗ್ಲೆಂಡಿಗೆ ತಿಳಿಸಿದ್ದು ಬ್ರಿಟಿಷ್ ರಾಯಭಾರಿಯ ಹೆಂಡತಿ ಮೇರಿ ಮಾಂಟೆಗು. ಎಡ್ವರ್ಡ್ ಜೆನ್ನರ್ ಸುರಕ್ಷಿತವಾದ ಲಸಿಕೆ ತೋರಿಸಿಕೊಟ್ಟದ್ದು 1796ರಲ್ಲಿ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತು ಎಂದು ಘೋಷಣೆಯಾಯಿತು.

ಜ್ವರ ಬಂದರೆ ಹೆದರಬೇಕಾ?

ಪೆಂಟಾವೇಲೆಂಟ್ ಕೊಟ್ಟ ರಾತ್ರಿ ಮಗುವಿಗೆ ಮೈ ಬಿಸಿಯಾಗುತ್ತದೆ. ತೊಡೆ ಸ್ವಲ್ಪ ಊದುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ಮನೆಯವರಿಗೆ ನಿದ್ದೆ ಇಲ್ಲ. ದುಬೈಯಿಂದ ಉಪ್ಪನ ಫೋನ್ ಬರುತ್ತದೆ: "ಇನ್ನು ಇದೆಲ್ಲಾ ಬೇಡ, ಸಾಕು." ಅಲ್ಲಿಗೆ ಎಷ್ಟೋ ಮಕ್ಕಳ ಲಸಿಕೆ ನಿಂತುಹೋಗುತ್ತದೆ.

ಆ ಜ್ವರ ದೇಹ ಕೆಲಸ ಶುರು ಮಾಡಿದ ಲಕ್ಷಣ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಎದೆಹಾಲು ಕೊಡುತ್ತಾ ಇರಿ. ಪ್ಯಾರಾಸಿಟಮಾಲ್ ಹನಿಯನ್ನು ಮಗುವಿನ ತೂಕ ನೋಡಿ ನರ್ಸ್ ಅಥವಾ ಡಾಕ್ಟರ್ ಹೇಳಿದಷ್ಟೇ ಕೊಡಿ. ಊದಿದ ಜಾಗವನ್ನು ತಿಕ್ಕಬೇಡಿ. ಎಂಆರ್ ಕೊಟ್ಟರೆ ಜ್ವರ, ಸಣ್ಣ ದದ್ದು ಒಂದು ವಾರ-ಹತ್ತು ದಿನ ಕಳೆದು ಬರಬಹುದು, ಅದೂ ತಾನಾಗಿ ಹೋಗುತ್ತದೆ.

ಲಸಿಕೆ ಕೊಟ್ಟ ಮೇಲೆ ಅರ್ಧ ಗಂಟೆ ಕೇಂದ್ರದಲ್ಲೇ ಕೂತಿರಿ. ಬಹಳ ಅಪರೂಪಕ್ಕೆ ಗಂಭೀರ ಅಲರ್ಜಿ ಆಗುವುದಿದ್ದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಆಗುತ್ತದೆ, ಅಲ್ಲಿ ಅದಕ್ಕೆ ಔಷಧಿ ಇರುತ್ತದೆ. ಮನೆಗೆ ಹೋದ ಮೇಲೆ ಉಸಿರಾಟಕ್ಕೆ ಕಷ್ಟ, ಫಿಟ್ಸ್, ಮೂರು ಗಂಟೆಗೂ ಹೆಚ್ಚು ನಿಲ್ಲದ ಅಳು, ಮಗು ಮಂಕಾಗಿ ಹಾಲೇ ಕುಡಿಯದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸಣ್ಣ ಶೀತ, ಕೆಮ್ಮು ಇದ್ದರೆ ಲಸಿಕೆ ಮುಂದೂಡಬೇಕಾಗಿಲ್ಲ. ಜೋರು ಜ್ವರ ಇದ್ದರೆ ನರ್ಸ್‌ಗೆ ಹೇಳಿ, ಅವರು ನೋಡಿ ತೀರ್ಮಾನ ಮಾಡುತ್ತಾರೆ.

ತಪ್ಪಿಹೋಗಿದ್ದರೆ?

ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ. "ತಡವಾಗಿದೆ, ಬೈತಾರೆ" ಅನ್ನುವ ಹೆದರಿಕೆಯಿಂದಲೇ ಎಷ್ಟೋ ತಾಯಂದಿರು ಹೋಗುವುದಿಲ್ಲ. ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತಾರೆ. ಬಿಸಿಜಿ ಒಂದು ವರ್ಷದೊಳಗೆ ಕೊಡಬಹುದು. ರೋಟಾ ಮತ್ತು ಪೆಂಟಾದ ಮೊದಲ ಡೋಸ್ ಒಂದು ವರ್ಷದೊಳಗೆ ಶುರುವಾಗಬೇಕು. ಪೆಂಟಾ ಶುರುವೇ ಆಗದಿದ್ದರೆ ಒಂದು ವರ್ಷದ ನಂತರ ಡಿಪಿಟಿ ಇದೆ, ಅದು ಏಳು ವರ್ಷದವರೆಗೆ. ಎಂಆರ್ ಮತ್ತು ಪೋಲಿಯೋ ಹನಿ ಐದು ವರ್ಷದವರೆಗೆ.

ಗಡಿಯ ಮನೆಗಳಿಗೆ ನಾಲ್ಕು ಮಾತು

ಒಂದು, ಮಗುವಿನ ಕಾರ್ಡ್ ಮಗುವಿನ ಜೊತೆಗೇ ಹೋಗಬೇಕು. ಬಟ್ಟೆಯ ಬ್ಯಾಗಿನಲ್ಲಿ ಮೊದಲು ಅದನ್ನೇ ಇಡಿ. ಎರಡೂ ಪುಟದ ಫೋಟೋ ತೆಗೆದು ಉಮ್ಮ, ಉಪ್ಪ ಮತ್ತು ಅಜ್ಜಿ ಮನೆಯ ಒಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾರ್ಡ್ ಮಲಯಾಳಂನಲ್ಲಿದ್ದು ನಿಮಗೆ ಓದಲಿಕ್ಕೆ ಬಾರದಿದ್ದರೆ ನರ್ಸ್ ಹತ್ತಿರ ಮುಂದಿನ ತಾರೀಕು ಕೇಳಿ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಎರಡು, ಯಾವ ರಾಜ್ಯದ ಕಾರ್ಡ್ ಆದರೂ ದೇಶದ ಯಾವುದೇ ಸರಕಾರಿ ಕೇಂದ್ರದಲ್ಲಿ ಮುಂದಿನ ಡೋಸ್ ಪಡೆಯಬಹುದು. ಈಗ ಯು-ವಿನ್ ಎಂಬ ಆನ್‌ಲೈನ್ ದಾಖಲೆಯೂ ಇದೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಯಾವ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಎಂದು ನೆನಪಿಡಿ, ಮುಂದೆಯೂ ಅದನ್ನೇ ಕೊಡಿ.

ಮೂರು, ನಲ್ವತ್ತರ ಕಾರ್ಯಕ್ರಮದ ದಿನ ಗೊತ್ತು ಮಾಡುವಾಗಲೇ 42ನೇ ದಿನದ ಲಸಿಕೆ ಯಾವ ಕಡೆಯಲ್ಲಿ ಎಂದು ಎರಡೂ ಮನೆಯವರು ಮಾತಾಡಿಕೊಳ್ಳಿ. ಕೇರಳದ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬುಧವಾರ ಲಸಿಕೆಯ ದಿನ. ಕರ್ನಾಟಕದಲ್ಲಿ ಹಲವೆಡೆ ಗುರುವಾರ. ನಿಮ್ಮ ಊರಿನ ದಿನವನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ಹೊಸ ಊರಿಗೆ ಬಂದ ವಾರದಲ್ಲೇ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿ.

ನಾಲ್ಕು, ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದರೂ ದಾಖಲೆ ಇಟ್ಟುಕೊಳ್ಳಿ. ಅಲ್ಲಿ ಮಂಗನಬಾವು ಸೇರಿದ ಎಂಎಂಆರ್, ಚಿಕನ್‌ಪಾಕ್ಸ್, ಟೈಫಾಯಿಡ್‌ನಂಥ ಹೆಚ್ಚುವರಿ ಲಸಿಕೆಗಳು ದುಡ್ಡಿಗೆ ಸಿಗುತ್ತವೆ. ಕೈಲಾಗುವವರು ಡಾಕ್ಟರರಲ್ಲಿ ಕೇಳಿ ಹಾಕಿಸಬಹುದು. ಆದರೆ ದುಡ್ಡಿಲ್ಲ ಎಂದು ಮೇಲಿನ ಪಟ್ಟಿಯ ಒಂದನ್ನೂ ಬಿಡಬೇಕಾಗಿಲ್ಲ. ಸರಕಾರಿ ಲಸಿಕೆ ಕಡಿಮೆ ದರ್ಜೆಯದ್ದು ಅನ್ನುವುದು ಸುಳ್ಳು.

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೆ, ಯುವಕರ ಸಂಘಟನೆಗಳಿಗೆ ಒಂದು ವಿನಂತಿ. ಮದ್ರಸದ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸುವ ವಯಸ್ಸೂ ಡಿಪಿಟಿ ಎರಡನೇ ಬೂಸ್ಟರ್‌ನ ವಯಸ್ಸೂ ಒಂದೇ. ಸೇರಿಸುವ ದಿನ ಉಸ್ತಾದರು "ಕಾರ್ಡ್ ತಂದಿದ್ದೀರಾ?" ಅಂತ ಒಂದು ಮಾತು ಕೇಳಿದರೆ ಸಾಕು. ತಂದಿಲ್ಲ ಅಂದರೆ ಸೇರಿಸಬೇಡಿ ಅಂತಲ್ಲ. ಆ ಮಗುವಿನ ಹೆಸರನ್ನು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ರಕ್ತದಾನ ಶಿಬಿರ, ಆಂಬುಲೆನ್ಸ್ ಎಲ್ಲದರಲ್ಲೂ ಮುಂದಿರುವ ನಮ್ಮ ಹುಡುಗರಿಗೆ ಇದು ದೊಡ್ಡ ಕೆಲಸವಲ್ಲ.

ಇದನ್ನು ಓದಿ ಮುಗಿಸಿದವರು ಈಗಲೇ ಎದ್ದು ಮನೆಯ ಸಣ್ಣ ಮಗುವಿನ ಕಾರ್ಡ್ ಹುಡುಕಿ. ಖಾಲಿ ಇರುವ ಕೋಣೆ ಯಾವುದು ನೋಡಿ. ಮುಂದಿನ ಬುಧವಾರಕ್ಕೋ ಗುರುವಾರಕ್ಕೋ ಹೋಗಲಿಕ್ಕೆ ಇವತ್ತೇ ಮನೆಯಲ್ಲಿ ಮಾತಾಡಿ.